ಬೋರ್ಡಿನಿಂದ ಅಳಿಸಿದ ಹೆಸರು

"ಯಾರ್ರೀ ನನ್ನ ಟೈಲ್ಸ್ ಮುಟ್ಟಿದ್ದು?!"

ತಗಡಿನ ಶೆಡ್ಡು ನಡುಗುವ ಹಾಗಿತ್ತು ಆ ದನಿ. ಹನ್ನೊಂದು ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹನ್ನೆರಡನೆಯವಳಾಗಿ ಹಿಂದೆ ನಿಂತಿದ್ದ ಅನುಶ್ರೀ ಕೈ ಎತ್ತಿದಳು.

"ನಾನು."

ಕುಶಾಲನಗರದಲ್ಲಿ, ಸಿಮೆಂಟ್ ಅಂಗಡಿಯೊಂದರ ಹಿಂದಿನ ಆ ಶೆಡ್ಡಿನಲ್ಲಿ, ಟೈಲ್ಸ್ ಹಾಕುವ ಕೆಲಸದ ಮೂರು ತಿಂಗಳ ತರಬೇತಿ ಶುರುವಾಗಿ ಇನ್ನೂ ಅರ್ಧ ಗಂಟೆಯೂ ಆಗಿರಲಿಲ್ಲ. ಕಲಿಸಲು ಬಂದವನು ಮಿಲನ್ ಮೇಸ್ತ್ರಿ. ಭಾಗಮಂಡಲದ ಕಡೆಯವನು, ವಯಸ್ಸು ಮೂವತ್ತೇಳು, ಕೆಲಸದಲ್ಲಿ ಹುಲಿ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ಹಾಕಿ ತೋರಿಸಲೆಂದು ಅವನು ಬಿಚ್ಚಿಟ್ಟಿದ್ದ ಬಿಳಿ ಟೈಲ್ಸುಗಳಲ್ಲಿ ನಾಲ್ಕು ಕಾಣೆಯಾಗಿದ್ದವು. ನೋಡಿದರೆ ಗೋಡೆಗೆ ಒಪ್ಪವಾಗಿ ಒರಗಿ ನಿಂತಿವೆ!

"ಎಂತಕ್ಕೆ ತೆಗ್ದಿಟ್ರಿ?"

"ಅವು ಬೇರೆ ಬಣ್ಣ ಸರ್."

"ಬೇರೆ ಬಣ್ಣವಾ? ಒಂದೇ ಡಬ್ಬದಿಂದ ನಾನೇ ಬಿಚ್ಚಿದ್ದು ಮಾರಾಯ್ರೇ!"

"ಡಬ್ಬ ಒಂದೇ ಇರ್ಬೋದು. ಬಣ್ಣ ಎರಡಿದೆ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಮಿಲನ್ ಮುಖ ಕೆಂಪಾಯಿತು. ಆ ನಾಲ್ಕರಲ್ಲಿ ಒಂದನ್ನೂ ರಾಶಿಯಿಂದ ಒಂದನ್ನೂ ಎತ್ತಿಕೊಂಡು ದಡದಡನೆ ಬಿಸಿಲಿಗೆ ಹೋದ. ಹೋದವನು ಬೇಗ ಬರಲೇ ಇಲ್ಲ. ಒಂದನ್ನು ಹೀಗೆ ವಾಲಿಸಿದ, ಇನ್ನೊಂದನ್ನು ಹಾಗೆ ವಾಲಿಸಿದ... ಒಂದು ಹಾಲಿನ ಬಿಳುಪು. ಇನ್ನೊಂದು, ಬಹಳ ಹೊತ್ತು ದಿಟ್ಟಿಸಿದರೆ ಮಾತ್ರ, ಮಜ್ಜಿಗೆಯ ಬಿಳುಪು.

ಹದಿನೈದು ವರ್ಷ ಟೈಲ್ಸ್ ಹಾಕಿದ ಕಣ್ಣಿಗೆ ಕಾಣದ್ದು ಈ ಹೆಂಗಸಿಗೆ ಹೇಗೆ ಕಂಡಿತು?!

"ಎಲ್ಲಿ ಕಲಿತ್ರಿ ಇದನ್ನ?" ಒಳಗೆ ಬಂದು ಕೇಳಿದ. ದನಿ ಅರ್ಧಕ್ಕರ್ಧ ಇಳಿದಿತ್ತು.

"ಕಾಫಿ ಕ್ಯೂರಿಂಗ್ ವರ್ಕ್ಸಲ್ಲಿ ಬೀಜ ಆರಿಸ್ತಿದ್ದೆ ಸರ್. ಹನ್ನೆರಡು ವರ್ಷ. ಈಗ ಆರ್ಸೋಕೆ ಮಿಷನ್ ಬಂದಿದೆ."

ಅವನು ಆಗ ಅವಳನ್ನು ಸರಿಯಾಗಿ ನೋಡಿದ. ನೋಡಿದವನು ತಾನು ಏನು ಹೇಳಿಕೊಡಬೇಕೆಂದಿದ್ದೆ ಎಂಬುದನ್ನೇ ಮರೆತ. ಇದು ನಮಗೆ ಗೊತ್ತಾಯಿತು, ಶೆಡ್ಡಿನಲ್ಲಿದ್ದ ಮಿಕ್ಕ ಹನ್ನೊಂದು ಜನಕ್ಕೂ ಗೊತ್ತಾಯಿತು. ಗೊತ್ತಾಗದಿದ್ದದ್ದು ಅವರಿಬ್ಬರಿಗೇ.

ಅನುಶ್ರೀಗೆ ಮೂವತ್ತನಾಲ್ಕು. ಇಪ್ಪತ್ತಕ್ಕೆ ಮದುವೆ, ಇಪ್ಪತ್ತೆರಡಕ್ಕೆ ತವರಿಗೆ ವಾಪಸ್. ಗಂಡ ಹೊಡೆದವನಲ್ಲ, ಬೈದವನೂ ಅಲ್ಲ. "ನಿಂಗ್ಯಾಕೆ ಆ ತಲೆನೋವು, ನಾನು ನೋಡ್ಕೋತೀನಿ" ಎನ್ನುತ್ತಲೇ ಅವಳ ಓದು, ಅವಳ ಫೋನು, ಅವಳ ತವರಿನ ದಾರಿ ಎಲ್ಲವನ್ನೂ ಒಂದೊಂದಾಗಿ ಅವನೇ ನೋಡಿಕೊಂಡುಬಿಟ್ಟ. ಕೊನೆಗೆ ಅವಳಿಗೆ ಅಂತ ಏನೂ ಉಳಿಯದಾದಾಗ ಒಂದು ದಿನ ಎದ್ದು ಬಂದಳು, ಆಮೇಲೆ ವಿಚ್ಛೇದನವೂ ಆಯಿತು.

ಕ್ಯೂರಿಂಗ್ ವರ್ಕ್ಸಿನ ಕೆಲಸವೂ ಹೋದ ಮೇಲೆ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮನೆಯ ಅಕ್ಕಿ ಆರಿಸಿದಳು, ಬೇಳೆ ಆರಿಸಿದಳು, ಪಕ್ಕದ ಮನೆಯವರ ಹುರುಳಿಯನ್ನೂ ಕೇಳಿ ತಂದು ಆರಿಸಿದಳು. ಆರಿಸುವುದಕ್ಕೆ ಏನೂ ಸಿಗದ ದಿನ ಅಂಗಳದಲ್ಲಿ ಅಡ್ಡಾಡುತ್ತಿದ್ದಳು. ಈ ತರಬೇತಿಯ ಸುದ್ದಿ ಕಿವಿಗೆ ಬಿದ್ದದ್ದು ಅಂಥ ಒಂದು ದಿನ.

"ಹೆಂಗಸ್ರು ಬಾಂಡ್ಲಿ ಹೊರೋದು ನೋಡಿದೀನಿ ಕಣೇ. ಕರಣೆ ಹಿಡಿಯೋದು ಎಲ್ಲಾದ್ರೂ ನೋಡಿದ್ಯಾ?" ಅಮ್ಮ ಕಾಮಾಕ್ಷಮ್ಮ ಕೇಳಿದ್ದರು.

"ಇಲ್ಲ ಕಣಮ್ಮ. ಅದಕ್ಕೇ ಹೋಗ್ತಿರೋದು."

ನಿಜ. ಕಟ್ಟಡ ಕೆಲಸದಲ್ಲಿ ಹೆಂಗಸೆಂದರೆ ತಲೆಯ ಮೇಲೆ ಗಾರೆಯ ಬಾಂಡ್ಲಿ. ಕರಣೆ ಹಿಡಿದು ಗಾರೆ ಹರಡುವವನು ಗಂಡಸು, ಅವನೇ ಮೇಸ್ತ್ರಿ. ಅನುಶ್ರೀಗೆ ಬೇಕಾಗಿದ್ದದ್ದು ಆ ಕರಣೆ, ಆ ಹೆಸರು. ಯಾರೋ ಕೊಟ್ಟದ್ದಲ್ಲ, ತನ್ನ ಕೈಯಿಂದಲೇ ಬಂದದ್ದು. ಅದೊಂದು ಸಿಕ್ಕರೆ ಸಾಕು, ಮಿಷನ್ ಬಂದರೂ ಗಂಡ ಬಂದರೂ ಯಾರೂ ಕಸಿಯುವ ಹಾಗಿಲ್ಲ ಎಂದು ಅವಳ ನಂಬಿಕೆ.

ಮೊದಲ ತಿಂಗಳು ನರಕ. ಸಿಮೆಂಟು ತಿಂದು ಬೆರಳ ತುದಿಗಳೆಲ್ಲ ಹರಿದವು. ಮೊಣಕಾಲು ಊರಿ ಊರಿ ಬಸ್ಸಿನ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಎರಡನೆಯ ತಿಂಗಳಿಗೆ ಹಿಡಿತ ಬಂತು. ಕರಣೆಯ ಹಿಡಿಯಿಂದ ಟೈಲ್ಸನ್ನು ಕುಟ್ಟಿ, ಅಡಿಯಲ್ಲಿ ಗಾರೆ ತುಂಬಿದೆಯೋ ಟೊಳ್ಳಿದೆಯೋ ಎಂದು ದನಿಯಲ್ಲೇ ಹೇಳುವಳು. ಬಚ್ಚಲಿನ ನೀರು ತೂಬಿನ ಜಾಲಿಯ ಕಡೆಗೆ ಹರಿಯಲು ನೆಲಕ್ಕೆ ಕೊಡಬೇಕಾದ ಇಳಿಜಾರು, ಮೇಸ್ತ್ರಿಗಳ ಮಾತಿನಲ್ಲಿ 'ವಾಟ', ಅದೂ ಅವಳ ಕೈಗೆ ಕೂತಿತು. ನಿಧಾನ ಮಾತ್ರ ಬಿಡಲಿಲ್ಲ.

"ಅನುಶ್ರೀಯವ್ರೇ, ನೀವು ಟೈಲ್ಸ್ ಹಾಕ್ತಿದೀರಾ, ರಂಗೋಲಿ ಬಿಡ್ತಿದೀರಾ?" ಮಿಲನ್ ಛೇಡಿಸುತ್ತಿದ್ದ.

"ನೀವು ನಾಳೆ ಕಿತ್ತು ಹಾಕೋದನ್ನ ಇವತ್ತು ಬೇಗ ಹಾಕ್ತೀರಾ. ನಾನು ಒಂದೇ ಸಲ ಹಾಕ್ತೀನಿ."

"ಬಾಯಿಗೆ ಮಾತ್ರ ನಿಧಾನ ಇಲ್ಲ!"

ಹೀಗೆ ಬಾಯಿ ಮಾಡುತ್ತಲೇ ಅವನು ಅವಳ ಕರಣೆ ತೊಳೆದು ತಂದಿಡುತ್ತಿದ್ದ. ಅವಳು ಗುರುತು ಹಾಕಿದ ಟೈಲ್ಸನ್ನು ಕೇಳದೆಯೇ ಕತ್ತರಿಸಿ ಕೊಡುತ್ತಿದ್ದ. ಬೆರಳ ಹರುಕಿಗೆ ತೆಂಗಿನೆಣ್ಣೆಯ ಸೀಸೆ ತಂದು ಏನೂ ಅನ್ನದೆ ಅವಳ ಚೀಲದ ಪಕ್ಕ ಇಟ್ಟು ಹೋಗುತ್ತಿದ್ದ.

'ಇದೇನಿದು ನನಗೆ... ಈ ವಯಸ್ಸಲ್ಲಿ?!' ಬಸ್ಸಿನ ಕಿಟಕಿಗೆ ತಲೆಯಾನಿಸಿ ಅನುಶ್ರೀ ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಆ ಎಣ್ಣೆ ಹಚ್ಚಿಕೊಂಡಾಗ ಎದೆ ಬೆಚ್ಚಗಾಗುತ್ತಿತ್ತು, ಸುಳ್ಳೇಕೆ ಹೇಳುವುದು? ಆದರೆ ಕತ್ತರಿಸಿಟ್ಟ ಟೈಲ್ಸ್ ಕಂಡಾಗ ಮಾತ್ರ ಎಲ್ಲೋ ಒಂದು ಮೂಲೆಯಲ್ಲಿ ಭಯ ಹೊಗುತ್ತಿತ್ತು. 'ನಾನು ನೋಡ್ಕೋತೀನಿ' ಎಂಬ ಮಾತು ಬಾಯಿ ಬಿಟ್ಟು ಹೇಳದಿದ್ದರೂ ಅದೇ ಅಲ್ಲವೇ...?

ತರಬೇತಿ ಮುಗಿಯುವ ವಾರ ಕಕ್ಕಬೆಯಿಂದ ಕೆಲಸ ಬಂತು. ಪೊನ್ನಪ್ಪನವರ ಹೊಸ ಹೋಂಸ್ಟೇಯಲ್ಲಿ ಆರು ಬಚ್ಚಲುಮನೆ. ಬೇಸಿಗೆ ರಜೆಯ ಅತಿಥಿಗಳು ಬರುವಷ್ಟರಲ್ಲಿ ಮುಗಿಯಬೇಕು. ಮಿಲನ್ ಜೊತೆಗೆ ನಾಲ್ವರು, ಹತ್ತು ದಿನ ಅಲ್ಲೇ ಉಳಿಯುವುದು. ಕಲಿತವರಿಗೆ ಇದೇ ಮೊದಲ ನಿಜವಾದ ಕೆಲಸ!

ಮಾರನೆಯ ದಿನ ಬೋರ್ಡಿನ ಮೇಲೆ ನಾಲ್ಕು ಹೆಸರಿದ್ದವು. ಅನುಶ್ರೀಯ ಹೆಸರು ಇರಲಿಲ್ಲ.

ಅವಳು ಎರಡು ಸಲ ಓದಿದಳು. ಮೊದಲ ಹೆಸರಿನ ಜಾಗದಲ್ಲಿ ಅಳಿಸಿದ ಸೀಮೆಸುಣ್ಣದ ಮಸುಕು, ಅದರ ಮೇಲೆ ಬೇರೆಯವನ ಹೆಸರು.

"ಅಲ್ಲಿ ನಿನ್ದೇ ಇತ್ತು ಕಣಮ್ಮ," ಎಂದ ಕೆಂಪಣ್ಣ. ಲಾರಿ ಓಡಿಸಿ ಸಾಕಾಗಿ ಐವತ್ತೆರಡಕ್ಕೆ ಟೈಲ್ಸ್ ಕಲಿಯಲು ಬಂದವನು, ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುವುದಿಲ್ಲ. "ನಿನ್ನೆ ಸಂಜೆ ನೀನು ಬಸ್ಸಿಗೆ ಹೋದ್ಮೇಲೆ ಮೇಸ್ತ್ರಿನೇ ಬರ್ದ್ರು. ಆಮೇಲೆ ಟೀ ಕುಡ್ದು ಬಂದು ಅವ್ರೇ ಅಳ್ಸಿದ್ರು. ನಾ ಕಣ್ಣಾರೆ ಕಂಡೆ."

ಅನುಶ್ರೀ ಚೀಲವನ್ನು ಅಲ್ಲೇ ಇಳಿಸಿದಳು. ನೇರವಾಗಿ ಮಿಲನ್ ಮುಂದೆ ಹೋಗಿ ನಿಂತಳು.

"ನಂಗೆ ಕೆಲಸ ಬರಲ್ವಾ ಮೇಸ್ತ್ರಿ?"

ಟೈಲ್ಸ್ ಕತ್ತರಿಸುತ್ತಿದ್ದವನು ತಲೆ ಎತ್ತಲಿಲ್ಲ. "ಬರುತ್ತೆ. ಈ ಬ್ಯಾಚಲ್ಲಿ ನಿಮ್ಮಷ್ಟು ಚೆನ್ನಾಗಿ ಯಾರಿಗೂ ಬರಲ್ಲ."

"ಮತ್ತೆ?"

"ಅದು... ಅಲ್ಲಿ ದಾರಿ ಸರಿ ಇಲ್ಲ. ಜೀಪಲ್ಲೇ ಹೋಗ್ಬೇಕು. ಆನೆ ಬೇರೆ ಓಡಾಡ್ತವೆ."

"ಆನೆ ಗಂಡಸ್ರನ್ನ ಕಂಡ್ರೆ ನಮಸ್ಕಾರ ಹಾಕಿ ದಾರಿ ಬಿಡುತ್ತಾ?"

ಯಾರೋ ನಕ್ಕರು. ಮಿಲನ್ ನಗಲಿಲ್ಲ.

"ಅನುಶ್ರೀ... ನಾಲ್ಕು ಜನ ಗಂಡಸ್ರು, ಹತ್ತು ದಿನ. ಟೀ ಅಂಗಡೀಲಿ ಆಗ್ಲೇ ಮಾತು ಶುರುವಾಗಿದೆ. ಮೇಸ್ತ್ರಿ ಅವ್ಳನ್ನ ಎಂತಕ್ಕೆ ಕರ್ಕೊಂಡು ಹೋಗ್ತಿದಾನೆ ಅಂತ. ನಿಮ್ಮ ಹೆಸ್ರು ಯಾರ ಬಾಯಲ್ಲೂ ಬರೋದು ಬೇಡ ಅಂತ ನಾನು..."

"ಅಂತ ನೀವೇ ಅಳಿಸಿದ್ರಿ."

ಅವನು ಕೈಯಲ್ಲಿದ್ದ ಟೈಲ್ಸನ್ನು ಕೆಳಗಿಟ್ಟ.

"ಕೆಲಸ ಬರಲ್ಲ ಅಂದಿದ್ರೆ ಇನ್ನೊಂದು ತಿಂಗ್ಳು ಕಲೀತಿದ್ದೆ. ಬರುತ್ತೆ ಅಂತೀರಾ, ಆದ್ರೂ ಅಳಿಸ್ತೀರಾ. ಹೋಗ್ಬೇಕೋ ಬೇಡ್ವೋ ಅಂತ ನನ್ನ ಒಂದು ಮಾತು ಕೇಳೋಕೆ ಏನಾಗಿತ್ತು ನಿಮಗೆ?" ಅಳಬಾರದು ಎಂದುಕೊಂಡಳು, ಕಣ್ಣು ಮಾತು ಕೇಳಲಿಲ್ಲ. "ನೀವೂ ಅವ್ನ ಥರಾನೇ. ಅವ್ನೂ ಕೆಟ್ಟವ್ನೇನಲ್ಲ!"

ಕರಣೆಯನ್ನು ಅಲ್ಲೇ ಬಿಟ್ಟು ನಡೆದೇಬಿಟ್ಟಳು. ಹಿಂದೆಯೇ ಓಡಿಹೋಗಬೇಕೆನಿಸಿತು ಮಿಲನ್‌ಗೆ. ಓಡಿಹೋಗಿ ಹೇಳುವುದೇನು? ಅವಳಂದದ್ದರಲ್ಲಿ ಒಂದಾದರೂ ಸುಳ್ಳಿದೆಯೇ?

ಮೂರು ದಿನ ಅನುಶ್ರೀ ಮನೆಯಲ್ಲಿ ಉರಿದಳು. ಒಲೆಯ ಮುಂದೆ ಕೂತರೆ ಎದ್ದಳು, ಮಲಗಿದರೆ ಮಗ್ಗುಲು ಬದಲಿಸಿದಳು, ಊಟಕ್ಕೆ ಕೂತು ಅನ್ನದಲ್ಲಿ ಬೆರಳಾಡಿಸಿದಳು. ಸಿಟ್ಟು ಒಂದು ಕಡೆ. ಸಿಟ್ಟಿನ ಅಡಿಯಲ್ಲಿ ಅವನ ಮುಖ! ಹಾಳಾದ ಮನಸ್ಸು ಬೈಯುತ್ತಾ ಬೈಯುತ್ತಾ ಅವನನ್ನೇ ನೆನೆಯುತ್ತಿತ್ತು.

"ಏನಾಯ್ತೇ ನಿಂಗೆ? ಹೇಳ್ಬಾರ್ದಾ?" ಎಂದು ಅಮ್ಮ ಗೋಗರೆದರು.

"ಅಮ್ಮಾ, ನಾನು ಕಕ್ಕಬೆಗೆ ಹೋಗ್ಲಾ?"

"ಯಾರ ಜೊತೆ?"

"ಒಬ್ಳೇ. ಕೆಲಸ ಕೇಳೋಕೆ."

ಕಾಮಾಕ್ಷಮ್ಮ ಎದ್ದು ಬುತ್ತಿಗೆ ರೊಟ್ಟಿ ತಟ್ಟತೊಡಗಿದರು. "ಅಲ್ಲಿ ಚಳಿ ಇರುತ್ತೆ. ಸ್ವೆಟರ್ ಇಟ್ಕೋ."

ಮಡಿಕೇರಿಯಲ್ಲಿ ಬಸ್ಸು ಬದಲಿಸಿ, ನಾಪೋಕ್ಲು ದಾಟಿ ಕಕ್ಕಬೆ ಮುಟ್ಟುವಾಗ ಹನ್ನೊಂದಾಗಿತ್ತು. ಜೀಪಿಗೆ ಕಾಯುವ ತಾಳ್ಮೆ ಇರಲಿಲ್ಲ. ಏಲಕ್ಕಿ ತೋಟದ ನಡುವಿನ ಏರನ್ನು ನಡೆದೇ ಹತ್ತಿದಳು. ಆನೆಯೂ ಸಿಗಲಿಲ್ಲ, ಅದರ ಲದ್ದಿಯೂ ಸಿಗಲಿಲ್ಲ!

ಅಂಗಳದಲ್ಲಿ ನಿಂತಿದ್ದ ಪೊನ್ನಪ್ಪನವರು ಅವಳನ್ನು ಕಂಡು ದೊಡ್ಡ ಉಸಿರು ಬಿಟ್ಟರು. "ಅಬ್ಬಾ, ಬಂದ್ರಲ್ಲಾ! ಬಾಂಡ್ಲಿ ಹೊರ್ತೀವಿ ಅಂದ ಇಬ್ರು ಹೆಂಗಸ್ರು ಕೈ ಕೊಟ್ಟು ಎರಡು ದಿನ ಆಯ್ತು. ಹೋಗಮ್ಮ, ಹಿಂದೆ ಮರಳಿನ ರಾಶಿ ಉಂಟು."

"ಬಾಂಡ್ಲಿ ಹೊರೋಕೆ ಬಂದಿಲ್ಲ ಸರ್. ಟೈಲ್ಸ್ ಹಾಕೋಕೆ ಬಂದಿದೀನಿ."

ಒಳಗೆ ಟೈಲ್ಸ್ ಕುಟ್ಟುತ್ತಿದ್ದ ಸದ್ದು ನಿಂತಿತು. ಒಬ್ಬೊಬ್ಬರಾಗಿ ಹೊರಗೆ ಬಂದರು. ಕೊನೆಗೆ ಬಂದವನು ಮಿಲನ್. ಮೂರೇ ದಿನಕ್ಕೆ ಕೆನ್ನೆ ಇಳಿದಿತ್ತು.

'ಊಟ ಮಾಡ್ತಿಲ್ವಾ ಇವ್ರು...?' ಎಂದಿತು ಅವಳ ಮನಸ್ಸು. 'ನಿಂಗ್ಯಾಕೆ?' ಎಂದು ಅದರ ಬಾಯಿ ಮುಚ್ಚಿಸಿದಳು.

"ಎಂತ ಮಿಲನ್, ಈ ಹೆಂಗಸು ಟೈಲ್ಸ್ ಹಾಕೋದಂತೆ!" ಪೊನ್ನಪ್ಪ ಕೇಳಿದರು. "ನಿನ್ನ ಹತ್ರ ಕಲ್ತವ್ರಾ? ಕೆಲಸ ಗೊತ್ತುಂಟಾ? ನನ್ನ ಟೈಲ್ಸ್ ಹಾಳಾದ್ರೆ ನಿನ್ನೇ ಹಿಡ್ಕೊಳ್ಳೋದು ನಾನು."

ಅನುಶ್ರೀ ಮಿಲನ್ ಕಡೆ ನೋಡಿದಳು. ಅವನು ಇಲ್ಲ ಎಂದರೆ ಮುಗಿಯಿತು, ಮುಂದಿನ ಬಸ್ಸು ಹತ್ತುವುದೇ. ಅವನು ಹಲ್ಲು ಕಿರಿದು 'ಪಾಪ, ಕೊಡಿ ಸರ್' ಎಂದರೆ ಅದು ಅದಕ್ಕಿಂತ ಕಡೆ.

"ಗೊತ್ತುಂಟು ಸರ್," ಎಂದ ಮಿಲನ್. "ಕೈ ನಿಧಾನ. ಬಣ್ಣ ನೋಡೋದ್ರಲ್ಲಿ ನನಗಿಂತ ಜೋರು. ವಾಟ ಸರಿಯಾಗಿ ಕೊಡ್ತಾರೆ. ಇವ್ರ ಹೆಸ್ರು ಮೊದ್ಲೇ ಪಟ್ಟೀಲಿ ಇತ್ತು, ನಾನೇ ಅಳಿಸಿದ್ದೆ. ಇವ್ರನ್ನ ಕೇಳದೆ. ನಂದೇ ತಪ್ಪು."

ಎಲ್ಲರ ಎದುರಿಗೇ ಹೇಳಿದ. ಆ ನಾಲ್ವರಲ್ಲೊಬ್ಬನಾಗಿ ಬಂದಿದ್ದ ಕೆಂಪಣ್ಣನ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ಎಂತಕ್ಕೆ ಅಳಿಸಿದ್ದು?"

"ಹೆಂಗಸ್ರು ಇಲ್ಲಿ ಉಳ್ಕೊಳ್ಳೋದು ಹೇಗೆ ಅಂತ..."

"ಅಲ್ಲ ಮಾರಾಯ! ಅಡುಗೆಗೆ ಹೊನ್ನಮ್ಮ ಇಲ್ವಾ? ಅವ್ಳ ರೂಮಲ್ಲಿ ಇನ್ನೊಂದು ಮಂಚ ಉಂಟು. ನನ್ನ ಒಂದು ಮಾತು ಕೇಳಿದ್ರೆ ಆಗ್ತಿತ್ತಲ್ಲ!"



ಪೊನ್ನಪ್ಪನವರು ಮೆಟ್ಟಿಲಿನ ಕೆಳಗಿನ ಕಿರಿದಾದ ಬಚ್ಚಲುಮನೆ ತೋರಿಸಿದರು. ಮೂಲೆಗಳು ಸೊಟ್ಟ, ಯಾರಿಗೂ ಬೇಡವಾಗಿದ್ದದ್ದು. "ಇದರ ನೆಲ ಮಾಡಿ. ನಾಳೆ ಬೆಳಿಗ್ಗೆ ನೀರು ಹುಯ್ದು ನೋಡ್ತೇನೆ. ನಿಂತ್ರೆ ಬಸ್ಸು, ಹರಿದ್ರೆ ಕೆಲಸ. ಇವ್ರಿಗೆ ಗಾರೆ ಕಲಸಿ ಕೊಡೋದು ಯಾರು?"

ಗಂಡಸು ಗಂಡಸಿಗೆ ಬಾಂಡ್ಲಿ ಹೊರುತ್ತಾನೆ, ಹೆಂಗಸು ಗಂಡಸಿಗೆ ಹೊರುತ್ತಾಳೆ. ಗಂಡಸು ಹೆಂಗಸಿಗೆ ಹೊತ್ತದ್ದನ್ನು ಅಲ್ಲಿದ್ದ ಯಾರೂ ಕಂಡಿರಲಿಲ್ಲ. ಒಬ್ಬ ಬೀಡಿ ಹುಡುಕಿದ. ಕೆಂಪಣ್ಣ "ನಂದು ಸೊಂಟ..." ಎಂದು ರಾಗ ಎಳೆದ.

"ನಾನೇ ಕಲಸ್ಕೋತೀನಿ," ಎಂದಳು ಅನುಶ್ರೀ.

ಅಷ್ಟರಲ್ಲಿ ಮಿಲನ್ ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿದ್ದ. ಪ್ಯಾಂಟು ಮೊಣಕಾಲಿನ ತನಕ ಮಡಚಿ, ಖಾಲಿ ಬಾಂಡ್ಲಿ ಎತ್ತಿಕೊಂಡು ಅವಳ ಮುಂದೆ ಬಂದು ನಿಂತ.

"ನಾನು ಹೊರ್ಬೋದಾ?"

"ಮೇಸ್ತ್ರಿ, ಎಂತ ಇದು! ನಿಮ್ಮ ಮರ್ಯಾದೆ..." ಎಂದಿತು ಹಿಂದಿನಿಂದ ಒಂದು ದನಿ.

"ಬಾಂಡ್ಲಿ ಹೊತ್ರೆ ಹೋಗೋ ಮರ್ಯಾದೆ ನಂದಾಗಿದ್ರೆ ಹೋಗ್ಲಿ ಬಿಡು." ಅವನ ಕಣ್ಣು ಅವಳ ಮೇಲೇ ಇತ್ತು. "ಹೊರ್ಬೋದಾ?"

ಅವಳು ತಲೆಯಾಡಿಸಿದಳು. ನಗಲಿಲ್ಲ. ಇಷ್ಟಕ್ಕೆಲ್ಲ ಕರಗುವ ಸಿಟ್ಟಲ್ಲ ಅದು.

ಮೊದಲ ಬಾಂಡ್ಲಿ ಬಂತು. ಅನುಶ್ರೀ ಕರಣೆಯಿಂದ ಗಾರೆಯನ್ನು ಎತ್ತಿ ನೋಡಿದಳು.

"ನೀರು ಜಾಸ್ತಿ ಆಯ್ತು."

ಹದಿನೈದು ವರ್ಷದ ಮೇಸ್ತ್ರಿ! ಬಾಂಡ್ಲಿ ಎತ್ತಿಕೊಂಡು ಹೋಗಿ ಮತ್ತೆ ಕಲಸಿ ತಂದ. ಬಾಗಿಲ ಹೊರಗೆ ಇಣುಕುತ್ತಿದ್ದ ಹೊನ್ನಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

ಎರಡು ಗಂಟೆ ಇಬ್ಬರ ನಡುವೆ ಕೆಲಸದ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಅವಳು ಟೈಲ್ಸ್ ಕೂರಿಸುವಳು, ಕುಟ್ಟುವಳು, ಕಿವಿಗೊಡುವಳು. ಅವನು ತರುವನು, ಇಡುವನು, ಗೋಡೆಗೆ ಒರಗಿ ನಿಲ್ಲುವನು. ಸೊಟ್ಟ ಮೂಲೆಯ ಬಳಿ ಒಂದು ಟೈಲ್ಸ್ ಕೂದಲೆಳೆಯಷ್ಟು ಜಾಲಿಯ ವಿರುದ್ಧ ದಿಕ್ಕಿಗೆ ವಾಲಿತು. ಮಿಲನ್ ಕಣ್ಣಿಗೆ ಅದು ಕೂಡಲೇ ಕಂಡಿತು. ಕೈ ತಾನಾಗಿಯೇ ಮುಂದೆ ಹೋಯಿತು. ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಬೆನ್ನ ಹಿಂದೆ ಇಟ್ಟುಕೊಂಡ. ಅಷ್ಟು ಕಷ್ಟದ ಕೆಲಸವನ್ನು ಅವನು ಜೀವನದಲ್ಲಿ ಮಾಡಿರಲಿಲ್ಲ!

ಅವಳು ಮುಂದಿನದನ್ನು ಹಾಕಿದಳು. ಅದರ ಮುಂದಿನದನ್ನೂ ಹಾಕಿದಳು. ಆಮೇಲೆ ಮಟ್ಟಗೋಲು ಇಟ್ಟು ನೋಡಿ ಹುಬ್ಬು ಗಂಟಿಕ್ಕಿದಳು. ಒಂದು ಲೋಟ ನೀರು ಹಾಕಿದಳು. ನೀರು ಮೂಲೆಯ ಕಡೆ ತಿರುಗಿತು. ಒಂದು ಮಾತೂ ಆಡದೆ ಮೂರು ಟೈಲ್ಸನ್ನೂ ಕಿತ್ತಳು, ಅಡಿಯ ಗಾರೆ ಕೆರೆದಳು, ಮತ್ತೆ ಹಾಕಿದಳು.

"ನಿಮಗೆ ಮೊದ್ಲೇ ಕಾಣಿಸಿತ್ತಲ್ವಾ?" ಬೆನ್ನು ತಿರುಗಿಸದೆಯೇ ಕೇಳಿದಳು.

"ಕಾಣಿಸಿತ್ತು."

"ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

ಅವಳ ಕೈಯಲ್ಲಿದ್ದ ಕರಣೆ ಒಂದು ಕ್ಷಣ ನಿಂತಿತು. ಬಗ್ಗಿದ ಮುಖದಲ್ಲಿ ಏನಿತ್ತೋ ಅವನಿಗೆ ಕಾಣಲಿಲ್ಲ. ನಾವು ಕಂಡೆವು. ಮೂರು ದಿನದಲ್ಲಿ ಮೊದಲ ಸಲ ಅವಳ ತುಟಿ ಸಡಿಲವಾಗಿತ್ತು.

ಮಾರನೆಯ ಬೆಳಿಗ್ಗೆ ಪೊನ್ನಪ್ಪನವರು ತಾವೇ ಬಕೆಟ್ ಹಿಡಿದು ಬಂದರು. ಎಲ್ಲರೂ ಬಾಗಿಲಿಗೆ ಮುತ್ತಿದರು. ಅನುಶ್ರೀ ಗೋಡೆಯ ಪಕ್ಕ ಕಲ್ಲಾಗಿ ನಿಂತಳು. ರಾತ್ರಿಯೆಲ್ಲ ಕಣ್ಣು ಮುಚ್ಚಿರಲಿಲ್ಲ, ಕಾಲ ಬೆರಳುಗಳು ಚಪ್ಪಲಿಯೊಳಗೆ ಕೂರಲಾರದೆ ಆಡುತ್ತಿದ್ದವು.

ನೀರು ಹುಯ್ದರು. ನೀರು ಹರಡಿತು. ಸೊಟ್ಟ ಮೂಲೆಯಲ್ಲಿ ಒಂದು ಗಳಿಗೆ ಅನುಮಾನಿಸಿತು... ಆಮೇಲೆ ಸರಸರನೆ ಜಾಲಿಯ ಕಡೆಗೆ ಇಳಿದು ಹೋಯಿತು. ಪೊನ್ನಪ್ಪನವರು ಬಗ್ಗಿ ಮೂಲೆಗೆ ಬೆರಳು ಒರೆಸಿ ನೋಡಿದರು.

"ನಿಂತಿಲ್ಲ," ಎಂದರು. ಎದ್ದು ಬಕೆಟ್ ಕೆಳಗಿಟ್ಟರು. "ಮೇಲಿನ ದೊಡ್ಡ ಬಚ್ಚಲುಮನೇನೂ ನೀವೇ ಮಾಡಿ ಮೇಸ್ತ್ರಿ."

ಮೇಸ್ತ್ರಿ! ಯಾರನ್ನು ಕರೆದರೆಂದು ಮಿಲನ್ ತಿರುಗಿ ನೋಡಿದ. ಅವರು ನೋಡುತ್ತಿದ್ದದ್ದು ಅನುಶ್ರೀಯನ್ನು.

ಎಲ್ಲರೂ ಚದುರಿದ ಮೇಲೆ ಅವಳು ಅಲ್ಲೇ ಹೊಸ್ತಿಲಲ್ಲಿ ಕುಸಿದು ಕೂತು ಅತ್ತಳು. ಬಿಕ್ಕಿ ಬಿಕ್ಕಿ ಅತ್ತಳು. ಮಿಲನ್ ಎರಡು ಮಾರು ದೂರದಲ್ಲಿ ನಿಂತೇ ಇದ್ದ.

"ಹತ್ರ ಬರ್ಬೋದಾ?" ಎಂದು ಕೇಳಿದ.

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ಇದನ್ನೂ ಕೇಳ್ತೀರಾ?"

"ಇನ್ಮೇಲೆ ಎಲ್ಲಾನೂ ಕೇಳೋದೇ."

ಬಂದು ಪಕ್ಕದಲ್ಲಿ ಕೂತ. ಕೈಯಲ್ಲಿ ಸಿಮೆಂಟು ಮೆತ್ತಿತ್ತು, ಅದನ್ನು ಸುಮ್ಮನೆ ಉಜ್ಜಿಕೊಳ್ಳುತ್ತಿದ್ದ. "ಜನ ಮಾತಾಡಿದ್ದಕ್ಕೆ ಹೆಸ್ರು ಅಳಿಸಿದ್ದು ನಿಜ. ಆದ್ರೆ ಅವ್ರು ಹೇಳಿದ್ದು ಸುಳ್ಳಲ್ಲ ಅಂತಾನೇ ನಂಗೆ ಭಯ ಆಗಿದ್ದು ಅನುಶ್ರೀ. ನನ್ನ ಮನಸ್ಸಲ್ಲಿ ನೀವು ಇದ್ರಿ. ಮೊದಲ್ನೇ ದಿನದಿಂದ್ಲೂ. ಅದನ್ನ ನಿಮಗೆ ಹೇಳೋ ಧೈರ್ಯ ಇಲ್ದೆ, ನಿಮ್ಮನ್ನ ಕಾಪಾಡ್ತೀನಿ ಅಂತ ನಾಟಕ ಮಾಡ್ದೆ. ಸಾರಿ."

ಅವಳು ಹೊಸ್ತಿಲಿಗೆ ಮೆತ್ತಿದ್ದ ಸಿಮೆಂಟನ್ನು ಉಗುರಿನಿಂದ ಕೆರೆದಳು.

"ಈ ಕೆಲಸ ಮುಗಿದ ಮೇಲೆ ನಿಮ್ಮ ಮನೆಗೆ ಬರ್ತೀನಿ," ಎಂದ. "ಬಂದು ನಿಮ್ಮ ಅಮ್ಮನ ಹತ್ರ ಕೇಳ್ತೀನಿ."

ಅನುಶ್ರೀ ಕಣ್ಣೊರೆಸಿಕೊಂಡು ಅವನ ಕಡೆ ತಿರುಗಿದಳು.

"ಅಮ್ಮನ ಹತ್ರ ಏನು ಕೇಳ್ತೀರಾ? ಮದ್ವೆ ಆಗ್ಬೇಕಾಗಿರೋದು ಅಮ್ಮನಾ?"

"ಅಯ್ಯೋ, ಅಲ್ಲ..."

"ಮತ್ತೆ?"

ಮಿಲನ್ ಅತ್ತ ನೋಡಿದ, ಇತ್ತ ನೋಡಿದ. ಕೊನೆಗೆ ಅವಳ ಹರಿದ ಬೆರಳುಗಳನ್ನು ನೋಡುತ್ತಾ ಕೇಳಿದ.

"ಅನುಶ್ರೀ... ನನ್ನ ಮದ್ವೆ ಆಗ್ತೀರಾ?"

ಅವಳು ಕೂಡಲೇ ಉತ್ತರ ಕೊಡಲಿಲ್ಲ. ಇಷ್ಟು ವರ್ಷದಲ್ಲಿ ಅವಳ ಬದುಕಿನ ಯಾವ ದೊಡ್ಡ ವಿಷಯವನ್ನೂ ಯಾರೂ ಹೀಗೆ ಅವಳ ಮುಂದಿಟ್ಟು, ಅವಳ ಬಾಯನ್ನೇ ನೋಡುತ್ತಾ ಕಾದಿರಲಿಲ್ಲ. ಆ ಕಾಯುವಿಕೆಯನ್ನು ಇನ್ನೂ ಸ್ವಲ್ಪ ಹೊತ್ತು ಹೀಗೇ ಇಟ್ಟುಕೊಳ್ಳೋಣ ಅನಿಸಿತು.

"ಏನಾದ್ರೂ ಹೇಳಿ ಮಾರಾಯ್ರೇ... ಜೀವ ಹೋಗ್ತಿದೆ!"

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ... ಇಲ್ಲ." ಅವನು ಮೆಟ್ಟಿಲಿನ ಕಡೆ ಕೈ ತೋರಿಸಿದ. "ಮೇಲಿನ ಬಚ್ಚಲುಮನೆ ನಿಮ್ದೇ. ಅದು ಇದಕ್ಕೆ ಸೇರಿದ್ದಲ್ಲ."

ಆಗ ಅವಳು ಅವನ ಸಿಮೆಂಟು ಮೆತ್ತಿದ ಕೈಯನ್ನು ಹಿಡಿದುಕೊಂಡಳು.

"ಹ್ಞೂಂ," ಎಂದಳು.

"ಹ್ಞೂಂ ಅಂದ್ರೆ...?"

"ಹ್ಞೂಂ ಅಂದ್ರೆ ಹ್ಞೂಂ, ಮಿಲನ್. ಕೇಳಿದ್ರಲ್ಲ, ಅದಕ್ಕೆ."